ಒಪ್ಪಿಗೆ ಪತ್ರದ ಎರಡನೆಯ ಸಹಿ: ಸ್ತ್ರೀರೋಗ ವಿಭಾಗದಲ್ಲಿ ಗಂಡನ ಸಮ್ಮತಿಗಿರುವ ಆಧಾರ

1. ಪ್ರಶ್ನೆಯ ವ್ಯಾಪ್ತಿ

ಸ್ತ್ರೀರೋಗ ವಿಭಾಗದಲ್ಲಿ ಶಸ್ತ್ರಚಿಕಿತ್ಸೆಗೆ ದಾಖಲಾದವರಿಗೆ ಹಿಂದಿನ ಸಂಜೆಯೋ ಅದೇ ಬೆಳಗ್ಗೆಯೋ ಒಪ್ಪಿಗೆ ಪತ್ರ ಬರುತ್ತದೆ. ಅದರೊಂದಿಗೇ ಬರುವ ಮಾತು ‘ಪೇಷೆಂಟ್ ಕಡೆಯವರು ಯಾರು?’ ಎಂಬುದು. ಹೆಂಗಸು ಸಹಿ ಹಾಕಿದ ಮೇಲೂ ಗಂಡನ ಸಹಿ ಆಗುವವರೆಗೆ ಪತ್ರ ಪೂರ್ತಿಯಾಯಿತೆಂದು ಭಾವಿಸುವ ರೂಢಿ ಹಲವೆಡೆ ಇದೆ. ಈ ಎರಡನೆಯ ಸಹಿಗೆ ಲಿಖಿತ ಆಧಾರ ಎಲ್ಲಿದೆ, ಅದು ಯಾವ ಶಸ್ತ್ರಚಿಕಿತ್ಸೆಯವರೆಗೆ ಚಾಚುತ್ತದೆ ಎಂಬಷ್ಟಕ್ಕೆ ಈ ಟಿಪ್ಪಣಿ ಸೀಮಿತ. ಪರಿಗಣಿಸಿರುವುದು ಮೂರು ಸಂದರ್ಭಗಳನ್ನು: ಗರ್ಭಪಾತ, ಸಂತಾನಹರಣ ಶಸ್ತ್ರಚಿಕಿತ್ಸೆ, ಗರ್ಭಕೋಶ ತೆಗೆಯುವುದು. ಬಾಡಿಗೆ ತಾಯ್ತನ ಮತ್ತು ಕೃತಕ ಗರ್ಭಧಾರಣೆಗೆ ಬೇರೆಯೇ ಕಾಯ್ದೆಗಳಿರುವುದರಿಂದ ಅವನ್ನು ಬಿಡಲಾಗಿದೆ.

2. ಗಮನಿಸಿದ ಒಂದು ನಮೂನೆ

ರಾಜ್ಯದ ಒಂದು ಆಸ್ಪತ್ರೆಯಲ್ಲಿ ಬಳಕೆಯಲ್ಲಿದ್ದ ಅಚ್ಚಿನ ನಮೂನೆಯೊಂದನ್ನು ಉದಾಹರಣೆಗೆಂದಷ್ಟೇ ಇಲ್ಲಿ ಪ್ರಸ್ತಾಪಿಸುತ್ತೇನೆ. ಇದು ಎಲ್ಲೆಡೆಯ ಸ್ಥಿತಿ ಎಂಬ ವಾದವಿಲ್ಲ. ಒಂದೇ ಹಾಳೆ. ಶಸ್ತ್ರಚಿಕಿತ್ಸೆಯ ಹೆಸರಿಗೆ ಒಂದು ಗೆರೆ, ಅರಿವಳಿಕೆಗೆ ಒಂದು ಗೆರೆ. ಕೆಳಗೆ ರೋಗಿಯ ಸಹಿ ಅಥವಾ ಹೆಬ್ಬೆಟ್ಟಿನ ಗುರುತಿಗೆ ಜಾಗ, ಅದರ ಪಕ್ಕದಲ್ಲಿ ‘ಗಂಡ/ಪೋಷಕರ ಸಹಿ’. ತನಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಲಾಗಿದೆ ಎಂಬ ವಾಕ್ಯವೂ ಇತ್ತು, ಆದರೆ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅಂಡಾಶಯ ಉಳಿಸುವುದೋ ತೆಗೆಯುವುದೋ ಎಂದು ಬರೆಯಲು ಪ್ರತ್ಯೇಕ ಸ್ಥಳ ಇರಲಿಲ್ಲ. ಮುಟ್ಟು ನಿಲ್ಲದ ವಯಸ್ಸಿನಲ್ಲಿ ಎರಡೂ ಅಂಡಾಶಯ ತೆಗೆದರೆ ಋತುಬಂಧ ಕೂಡಲೇ ಬರುತ್ತದೆ. ಆದ್ದರಿಂದ ಆ ಒಂದು ಗೆರೆಯ ಕೊರತೆ ಚಿಕ್ಕದಲ್ಲ.

‘ಗಂಡ/ಪೋಷಕ’ ಎಂಬ ಓರೆಗೆರೆಯೂ ಗಮನಾರ್ಹ. ವಯಸ್ಕ ಹೆಂಗಸಿನ ಗಂಡನನ್ನೂ ಅಪ್ರಾಪ್ತೆಯ ಪೋಷಕರನ್ನೂ ಅದು ಒಂದೇ ಸ್ಥಾನದಲ್ಲಿ ನಿಲ್ಲಿಸುತ್ತದೆ. ಈ ಜೋಡಣೆಯ ಮೂಲ ಬಹುಶಃ 4ನೆಯ ಭಾಗದಲ್ಲಿ ಚರ್ಚಿಸಿದ ನಿಯಮದಲ್ಲಿದೆ.

3. ಗರ್ಭಪಾತ

ಇಲ್ಲಿ ಸಂದೇಹಕ್ಕೆ ಎಡೆ ಕಡಿಮೆ. 1971ರ ವೈದ್ಯಕೀಯ ಗರ್ಭಸಮಾಪ್ತಿ ಕಾಯ್ದೆಯ (ಜಾರಿ: 1972ರ ಏಪ್ರಿಲ್ 1) 3(4)ನೆಯ ಕಲಂ ಪ್ರಕಾರ ಬೇಕಾದದ್ದು ಗರ್ಭಿಣಿಯ ಸಮ್ಮತಿ ಮಾತ್ರ. 18 ತುಂಬದವರು ಮತ್ತು ಮಾನಸಿಕ ಅಸ್ವಸ್ಥರ ವಿಷಯದಲ್ಲಿ ಪೋಷಕರ ಲಿಖಿತ ಸಮ್ಮತಿ ಬೇಕು. 2021ರ ತಿದ್ದುಪಡಿ (ಜಾರಿ: ಆ ವರ್ಷದ ಸೆಪ್ಟೆಂಬರ್ 24) ಅವಧಿಯ ಮಿತಿಗಳನ್ನು ಬದಲಿಸಿತೇ ಹೊರತು ಸಮ್ಮತಿಯ ಈ ಕಲಮನ್ನು ಮುಟ್ಟಲಿಲ್ಲ.

ನಿಯಮಗಳಡಿಯ ‘ಸಿ’ ನಮೂನೆಯನ್ನೂ ನೋಡಬೇಕು. ಅದರಲ್ಲಿ ‘ಇಂಥವರ ಮಗಳು/ಹೆಂಡತಿ’ ಎಂದು ತುಂಬುವ ಜಾಗವಿದೆ. ಅದು ಗುರುತಿಗಾಗಿ ಕೇಳುವ ಹೆಸರು. ಗಂಡನ ಸಹಿಗೆ ಅಲ್ಲಿ ಸ್ಥಳವೇ ಇಲ್ಲ. ಹೆಸರು ಕೇಳುವುದನ್ನೇ ಒಪ್ಪಿಗೆ ಕೇಳುವುದೆಂದು ಓದಿದ್ದರಿಂದ ರೂಢಿ ಬಲಗೊಂಡಿರಬಹುದು. ಇದು ಊಹೆ ಮಾತ್ರ. ಕುಟುಂಬದ ಒಪ್ಪಿಗೆಯಂಥ ಕಾನೂನಿನಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹೇರಕೂಡದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಹೇಳಿದೆ.

2007ರ ಮಾರ್ಚ್ 26ರ ಒಂದು ತೀರ್ಪನ್ನು ಇದಕ್ಕೆ ಎದುರಾಗಿ ಉಲ್ಲೇಖಿಸುವುದುಂಟು. ವೈದ್ಯಕೀಯ ಕಾರಣವಿಲ್ಲದೆ, ಅಥವಾ ಗಂಡನಿಗೆ ತಿಳಿಸದೆ, ಹೆಂಡತಿ ಗರ್ಭಪಾತ ಮಾಡಿಸಿಕೊಳ್ಳುವುದು ಮಾನಸಿಕ ಕ್ರೌರ್ಯಕ್ಕೆ ನಿದರ್ಶನವಾಗಬಹುದೆಂದು ಅದರಲ್ಲಿದೆ. ಆದರೆ ಅದು ವಿಚ್ಛೇದನದ ಪ್ರಕರಣ. ಆಸ್ಪತ್ರೆ ಯಾರ ಸಹಿ ಪಡೆಯಬೇಕೆಂಬ ಪ್ರಶ್ನೆ ಅಲ್ಲಿ ಇರಲೇ ಇಲ್ಲ. ಅದೇ ವಾಕ್ಯದಲ್ಲಿ ಹೆಂಡತಿಯ ‘ವ್ಯಾಸೆಕ್ಟಮಿ’ ಎಂಬ ಮಾತಿದೆ. ವ್ಯಾಸೆಕ್ಟಮಿ ಗಂಡಸಿಗೆ ಮಾಡುವ ಶಸ್ತ್ರಚಿಕಿತ್ಸೆಯಾದ್ದರಿಂದ ‘ಟ್ಯೂಬೆಕ್ಟಮಿ’ ಎಂದಿರಬೇಕಿತ್ತು ಎಂದು ತೋರುತ್ತದೆ. ಉಲ್ಲೇಖಿಸುವವರು ಮೂಲಪಾಠವನ್ನು ನೋಡುವುದು ಒಳಿತು.

4. 2002ರ ನಿಯಮ 7.16

ಎರಡನೆಯ ಸಹಿಗೆ ಇರುವ ಗಟ್ಟಿ ಆಧಾರ ಇದೊಂದೇ ಎಂದು ಕಾಣುತ್ತದೆ. ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿನಡತೆಯ ನಿಯಮಾವಳಿಗೆ ಎರಡು ದಿನಾಂಕಗಳು ಸಿಗುತ್ತವೆ: ಅಧಿಸೂಚನೆಯದು 2002ರ ಮಾರ್ಚ್ 11, ಗೆಜೆಟ್ ಪ್ರಕಟಣೆಯದು ಏಪ್ರಿಲ್ 6. ಬರಹಗಳಲ್ಲಿ ಇವೆರಡೂ ಬೆರೆತುಹೋಗಿವೆ. ಇದರ ಜಾಗಕ್ಕೆಂದು 2023ರ ಆಗಸ್ಟ್ 2ರಂದು ಬಂದ ಹೊಸ ನಿಯಮಾವಳಿಯನ್ನು ಅದೇ ತಿಂಗಳ 23ರಂದು ತಡೆಹಿಡಿದದ್ದರಿಂದ 2002ರದ್ದೇ ಮತ್ತೆ ಜಾರಿಗೆ ಬಂತು.

7.16ರಲ್ಲಿ ಎರಡು ವಾಕ್ಯಗಳಿವೆ. ಮೊದಲನೆಯದು, ಶಸ್ತ್ರಚಿಕಿತ್ಸೆಗೆ ಮುನ್ನ ಗಂಡ ಅಥವಾ ಹೆಂಡತಿ, ಅಪ್ರಾಪ್ತರಾದರೆ ತಂದೆತಾಯಿ ಅಥವಾ ಪೋಷಕರು, ಇಲ್ಲವೇ ರೋಗಿಯಿಂದ, ಸಂದರ್ಭಾನುಸಾರ ಲಿಖಿತ ಸಮ್ಮತಿ ಪಡೆಯಬೇಕೆನ್ನುತ್ತದೆ. ‘ಅಪ್ರಾಪ್ತರಾದರೆ’ ಎಂಬ ವಿಶೇಷಣ ಪೋಷಕರಿಗಷ್ಟೇ ಅನ್ವಯಿಸುತ್ತದೋ ಗಂಡ–ಹೆಂಡತಿಗೂ ಅನ್ವಯಿಸುತ್ತದೋ ಎಂಬುದು ಇಂಗ್ಲಿಷ್ ಮೂಲದ ಒಂದು ಅಲ್ಪವಿರಾಮವನ್ನು ಅವಲಂಬಿಸಿದೆ. ವಯಸ್ಕ ರೋಗಿಯ ಬದಲು ಗಂಡನೇ ಸಮ್ಮತಿಸಬಹುದೆಂಬ ಓದು 5ನೆಯ ಭಾಗದ ತೀರ್ಪಿನ ನಂತರ ನಿಲ್ಲುವಂತೆ ಕಾಣುವುದಿಲ್ಲ.

ಎರಡನೆಯ ವಾಕ್ಯ ಹೆಚ್ಚು ನೇರ: ಸಂತಾನಶಕ್ತಿ ನಷ್ಟವಾಗಬಹುದಾದ ಶಸ್ತ್ರಚಿಕಿತ್ಸೆಗೆ ಗಂಡಹೆಂಡತಿ ಇಬ್ಬರ ಸಮ್ಮತಿ ಬೇಕು. ಆದರೆ ಕೇಂದ್ರ ಆರೋಗ್ಯ ಸಚಿವಾಲಯದ 2006ರ ಸಂತಾನಹರಣ ಸೇವಾ ಮಾನದಂಡಗಳು ಸಂಗಾತಿಯ ಸಮ್ಮತಿ ಅಗತ್ಯವಿಲ್ಲವೆನ್ನುತ್ತವೆ. ಹೀಗೆ ಒಂದೇ ಟ್ಯೂಬೆಕ್ಟಮಿಗೆ ಎರಡು ಅಧಿಕೃತ ದಾಖಲೆಗಳು ವಿರುದ್ಧ ಮಾತು ಹೇಳುತ್ತವೆ. ಒಂದು ಶಾಸನದಡಿಯ ನಿಯಮ, ಇನ್ನೊಂದು ಕಾರ್ಯಕ್ರಮದ ಕೈಪಿಡಿ. ಬಲದಲ್ಲಿ ಅವು ಸಮವಲ್ಲ. ಆದರೂ ಸರ್ಕಾರಿ ಕುಟುಂಬ ಯೋಜನೆಯ ಶಸ್ತ್ರಚಿಕಿತ್ಸೆಗಳಿಗೆ ಆಧಾರವಾಗಿರುವುದು ಇಂಥ ಕೈಪಿಡಿಯೇ.

5. 2008ರ ಜನವರಿ 16ರ ತೀರ್ಪು

ವಿವರಗಳು ಮುಖ್ಯವಾದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 1995ರ ಮೇ ತಿಂಗಳಲ್ಲಿ 44 ವರ್ಷದ ಅವಿವಾಹಿತೆಯೊಬ್ಬರು ನಿಲ್ಲದ ಮುಟ್ಟಿನ ಸ್ರಾವಕ್ಕೆಂದು ಖಾಸಗಿ ಚಿಕಿತ್ಸಾಲಯಕ್ಕೆ ಹೋದರು. ಅವರು ಸಹಿ ಮಾಡಿದ ಪತ್ರದಲ್ಲಿದ್ದದ್ದು ಲ್ಯಾಪ್ರೋಸ್ಕೋಪಿ. ಹೊಟ್ಟೆ ತೆರೆಯಬೇಕಾಗಬಹುದು ಎಂಬ ಸೇರ್ಪಡೆಯೂ ಇತ್ತು. ಅರಿವಳಿಕೆಯಲ್ಲಿದ್ದಾಗ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಎರಡೂ ಅಂಡಾಶಯ ಮತ್ತು ನಾಳಗಳನ್ನು ತೆಗೆಯಲಾಯಿತು.

ಸುಪ್ರೀಂ ಕೋರ್ಟಿನ ನಿರ್ಣಯ ಹೀಗಿತ್ತು: ರೋಗಿ ವಯಸ್ಕೆ, ನಿರ್ಧರಿಸಲು ಸಮರ್ಥೆ, ಅರಿವಳಿಕೆ ತಾತ್ಕಾಲಿಕ, ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ. ಆದ್ದರಿಂದ ಅವರಿಗೆ ಎಚ್ಚರವಾಗುವವರೆಗೆ ಕಾಯಬೇಕಿತ್ತು. ತಾಯಿಯ ಸಹಿ ಅವರ ಸಮ್ಮತಿಯಾಗದು. ಹೊಟ್ಟೆ ತೆರೆಯಲು ಕೊಟ್ಟ ಒಪ್ಪಿಗೆ ಗರ್ಭಕೋಶ ತೆಗೆಯಲು ಕೊಟ್ಟ ಒಪ್ಪಿಗೆಯಲ್ಲ. ಪರಿಹಾರದ ಮೊತ್ತ 25,000 ರೂಪಾಯಿ. ಮೊತ್ತ ಕಡಿಮೆ ಎನ್ನಿಸಿದರೂ, ವೈದ್ಯರು ಸದ್ಭಾವದಿಂದ ನಡೆದುಕೊಂಡರೆಂದು ನ್ಯಾಯಾಲಯ ಭಾವಿಸಿತ್ತೆಂಬುದನ್ನು ಜೊತೆಯಲ್ಲಿಟ್ಟು ಓದಬೇಕು: ಸದ್ಭಾವವಿದ್ದರೂ ಸಮ್ಮತಿಯ ಕೊರತೆ ತುಂಬಲಿಲ್ಲ.

ರೋಗಿ ಅವಿವಾಹಿತೆಯಾದ್ದರಿಂದ 7.16ರ ಎರಡನೆಯ ವಾಕ್ಯ ಇಲ್ಲಿ ಪರೀಕ್ಷೆಗೆ ಒಳಗಾಗಲಿಲ್ಲ. ತೀರ್ಪು ಎರಡನೆಯ ಸಹಿಯನ್ನು ರದ್ದುಮಾಡಿತು ಎನ್ನುವುದು ಅತಿಶಯವಾದೀತು. ಮೊದಲ ಸಹಿಯ ಸ್ಥಾನದಲ್ಲಿ ಇನ್ನೊಬ್ಬರ ಸಹಿ ಕೂರದು ಎಂಬಷ್ಟೇ ಅದರಿಂದ ಸಿದ್ಧವಾಗುವುದು.

6. ಗರ್ಭಕೋಶ ತೆಗೆಯುವಾಗ: ಒಂದು ಸೂಚನೆ

7.16 ಕೇಳುವುದು ಶಸ್ತ್ರಚಿಕಿತ್ಸೆಯಿಂದ ಸಂತಾನಶಕ್ತಿ ನಷ್ಟವಾಗಬಹುದೇ ಎಂದು. ಗರ್ಭಕೋಶ ತೆಗೆದರೆ ಬಸಿರು ಸಾಧ್ಯವಿಲ್ಲ. ಆದ್ದರಿಂದ ಮೇಲ್ನೋಟಕ್ಕೆ ವಾಕ್ಯ ಪೂರ್ತಿಯಾಗಿ ಅನ್ವಯಿಸುತ್ತದೆ. ಆದರೆ ಋತುಬಂಧವಾದವರಲ್ಲಿ, ಮೊದಲೇ ಟ್ಯೂಬೆಕ್ಟಮಿ ಆದವರಲ್ಲಿ ನಷ್ಟವಾಗಲು ಏನು ಉಳಿದಿದೆ?

ಇದು ವಿರಳ ಸಂದರ್ಭವಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15–49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 57.4 ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ನಾಲ್ಕನೆಯ ಸಮೀಕ್ಷೆಯಲ್ಲಿ (2015–16) ಇದು ಶೇ. 48.6 ಇತ್ತು. ಗರ್ಭಕೋಶ ತೆಗೆಸಿಕೊಂಡವರ ಪ್ರಮಾಣ ಅದೇ ವಯೋಮಾನದಲ್ಲಿ ದೇಶದ ಮಟ್ಟಕ್ಕೆ ಶೇ. 3.3. ಈ ಅಂಕಿಗಳ ಛೇದಗಳು ಬೇರೆಯಾದ್ದರಿಂದ ಒಂದನ್ನು ಇನ್ನೊಂದರಿಂದ ಗುಣಿಸುವಂತಿಲ್ಲ. ಆದರೂ, ರಾಜ್ಯದಲ್ಲಿ ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ಬರುವ ವಿವಾಹಿತೆಯರಲ್ಲಿ ಗಣನೀಯ ಪಾಲಿನವರಿಗೆ 7.16ರ ಎರಡನೆಯ ವಾಕ್ಯ ಅಕ್ಷರಶಃ ಓದಿದರೂ ಅನ್ವಯಿಸಲಾರದು ಎಂಬ ಸೂಚನೆಗೆ ಇಷ್ಟು ಸಾಕು. ಅಂಥವರಲ್ಲಿ ಗಂಡ ಊರಲ್ಲಿಲ್ಲವೆಂದು ಶಸ್ತ್ರಚಿಕಿತ್ಸೆಯನ್ನು ಮುಂದೂಡಲು ಈ ನಿಯಮದಲ್ಲಿ ಆಧಾರ ಕಾಣುವುದಿಲ್ಲ.

ಅನಗತ್ಯ ಗರ್ಭಕೋಶ ತೆಗೆಯುವಿಕೆಯ ಬಗ್ಗೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು, ಕೇಂದ್ರದ 2022ರ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತು. ಆ ಕಾಳಜಿ ಗಂಡನ ಸಹಿಯಿಂದ ಈಡೇರುವಂಥದ್ದಲ್ಲ. ಶಸ್ತ್ರಚಿಕಿತ್ಸೆ ಏಕೆ, ಮಾತ್ರೆಯೋ ಹಾರ್ಮೋನ್ ಇರುವ ವಂಕಿಯೋ ಸಾಲದೇ, ಬಯಾಪ್ಸಿ ಆಗಿದೆಯೇ, ಅಂಡಾಶಯ ಉಳಿಯುತ್ತದೆಯೇ ಎಂಬುದನ್ನು ರೋಗಿಗೇ ವಿವರಿಸಿ, ಆ ವಿವರವನ್ನು ಕೇಸ್ ಶೀಟಿನಲ್ಲಿ ಬರೆಯುವುದರಿಂದ ಈಡೇರಬೇಕಾದದ್ದು.

7. ದಾಖಲೆಯ ವಿಚಾರ

ಮೇಲಿನ ಓದು ಪ್ರಯೋಜನಕ್ಕೆ ಬರಬೇಕಾದರೆ ಹಿಂದಿನ ಟ್ಯೂಬೆಕ್ಟಮಿಗೆ ಪುರಾವೆ ಬೇಕು. 2006ರ ಮಾನದಂಡಗಳ ಪ್ರಕಾರ, ಶಸ್ತ್ರಚಿಕಿತ್ಸೆಯಾದ ಒಂದು ತಿಂಗಳಿಗೆ ಅಥವಾ ಮೊದಲ ಮುಟ್ಟಾದ ಮೇಲೆ, ಯಾವುದು ಮೊದಲೋ ಆಗ, ಸಂತಾನಹರಣ ಪ್ರಮಾಣಪತ್ರ ಕೊಡಬೇಕು. ಅದು ಕಳೆದಿದ್ದರೆ ಹೆರಿಗೆಯ ಡಿಸ್ಚಾರ್ಜ್ ಚೀಟಿಯಲ್ಲಿ ಅದೇ ದಾಖಲಾತಿಯಲ್ಲಿ ಟ್ಯೂಬೆಕ್ಟಮಿಯೂ ಆಯಿತೆಂಬ ಸಾಲು ಸಿಗಬಹುದು. ಈ ಎರಡರಲ್ಲಿ ಒಂದನ್ನು ದಾಖಲಾಗುವ ದಿನವೇ ಕೇಸ್ ಶೀಟಿಗೆ ಸೇರಿಸಿಕೊಂಡು, ದಿನಾಂಕವನ್ನು ಒಪ್ಪಿಗೆ ಪತ್ರದಲ್ಲೂ ಬರೆದರೆ, ‘ಗಂಡ/ಪೋಷಕ’ ಎಂಬ ಗೆರೆ ಖಾಲಿ ಉಳಿದದ್ದೇಕೆ ಎಂಬುದಕ್ಕೆ ಉತ್ತರ ಅದೇ ಹಾಳೆಯಲ್ಲಿ ಇರುತ್ತದೆ.