ಎರಡನೇ ಡಿವಿಷನ್‌ನಲ್ಲಿ ಬೆಂಗಳೂರು: ಮಾಗಡಿಯಿಂದ ಒಂದು ದಾಖಲೆ ಹುಡುಕಾಟ

ಐ-ಲೀಗ್ ಫುಟ್‌ಬಾಲಿನ 2011-12ರ ಅಂಕಪಟ್ಟಿಯಲ್ಲಿ ಹದಿನಾಲ್ಕು ತಂಡಗಳಿವೆ. ಆ ವರ್ಷ ಕೆಳಗಿನ ದರ್ಜೆಗೆ ಇಳಿದ ತಂಡಗಳು ಎರಡು. ಒಂದು ಚಿರಾಗ್ ಯುನೈಟೆಡ್ ಕೇರಳ, ಇನ್ನೊಂದು ಬೆಂಗಳೂರಿನ ಎಚ್‌ಎಎಲ್. ಮುಂದಿನ ವರ್ಷಗಳ ಪಟ್ಟಿಗಳನ್ನು ಒಂದೊಂದಾಗಿ ತಿರುವುತ್ತ ಹೋದರೆ ದೇಶದ ದೊಡ್ಡ ಲೀಗಿನಲ್ಲಿ ಎಚ್‌ಎಎಲ್ ಮತ್ತೆ ಸಿಗುವುದಿಲ್ಲ. ವಿಮಾನ ಕಾರ್ಖಾನೆಯ ನೌಕರರೇ ಆಡುತ್ತಿದ್ದ ತಂಡ, ವಿದೇಶಿ ಆಟಗಾರನೊಬ್ಬನೂ ಇಲ್ಲದೆ ಭಾರತದ ಮೇಲಿನ ಲೀಗಿನಲ್ಲಿ ಎರಡು ವರ್ಷ ನಿಂತಿದ್ದ ತಂಡ ಅದು. ಅದು ಹೇಗೆ ಮೇಲೆ ಬಂತು, ಇಳಿದ ಮೇಲೆ ಮತ್ತೆ ಏಕೆ ಏರಲಿಲ್ಲ ಎಂಬ ಪ್ರಶ್ನೆ ಹಿಡಿದು ನಾನು ಹುಡುಕಲು ಕೂತೆ.

ಮಾಗಡಿಯವರಿಗೆ ಇದು ದೂರದ ವಿಷಯವಲ್ಲ. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ ಎಂಬ ಹೆಸರುಗಳನ್ನು ನಾವು ಕೇಳಿದ್ದು ನೌಕರಿಯ ಹೆಸರುಗಳಾಗಿ. ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದರೆ ಒಂದು ಮನೆ ನಿಂತಿತು ಎಂದು ಲೆಕ್ಕ. ಅದೇ ಕಾರ್ಖಾನೆಗಳು ಫುಟ್‌ಬಾಲ್ ಆಡಲೆಂದೇ ಹುಡುಗರಿಗೆ ಕೆಲಸ ಕೊಡುತ್ತಿದ್ದವು. ಬೆಳಗ್ಗೆ ಅಭ್ಯಾಸ, ಆಮೇಲೆ ಡ್ಯೂಟಿ, ಕಾಲು ಸೋತ ಮೇಲೂ ನಿವೃತ್ತಿಯವರೆಗೆ ಸಂಬಳ, ಆಮೇಲೆ ಪಿಂಚಣಿ. ಆಟವನ್ನು ನೆಚ್ಚಿಕೊಂಡ ಬಡವರ ಮಕ್ಕಳಿಗೆ ಇದಕ್ಕಿಂತ ಗಟ್ಟಿಯಾದ ಆಸರೆ ನಮ್ಮ ರಾಜ್ಯದಲ್ಲಿ ಬೇರೆ ಇರಲಿಲ್ಲ ಎಂಬುದು ನನ್ನ ನಂಬಿಕೆ.

ಮೊದಲು ಲೀಗಿನ ವಂಶಾವಳಿ ಬಿಡಿಸಿಕೊಳ್ಳಬೇಕಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 1996ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಆರಂಭಿಸಿತು. ಸ್ವಲ್ಪದರಲ್ಲೇ ಅದಕ್ಕೊಂದು ಎರಡನೇ ಡಿವಿಷನ್ ಬಂತು. 2007ರಲ್ಲಿ ಹಳೆಯ ಲೀಗ್ ಹೋಗಿ ಐ-ಲೀಗ್ ಬಂದಾಗ, 2008ರಿಂದ ಅದರ ಕೆಳಗೆ ಐ-ಲೀಗ್ ಎರಡನೇ ಡಿವಿಷನ್ ನಡೆಯಿತು. ತಂಡಗಳನ್ನು ಗುಂಪುಗಳಾಗಿ ಹಂಚಿ ಆಡಿಸುವುದು, ಗುಂಪಿನಲ್ಲಿ ಗೆದ್ದವರನ್ನು ಅಂತಿಮ ಸುತ್ತಿಗೆ ತಂದು ಮೇಲೆ ಹೋಗುವವರನ್ನು ಆರಿಸುವುದು ಅದರ ಕ್ರಮ. ಎಚ್‌ಎಎಲ್ ಮತ್ತು ಐಟಿಐ ಎರಡೂ 2000ದ ದಶಕದ ಮೊದಲ ವರ್ಷಗಳಲ್ಲಿ ನ್ಯಾಷನಲ್ ಲೀಗಿನ ಮೇಲಿನ ದರ್ಜೆಯಲ್ಲೇ ಆಡಿದ್ದವು. ಒಂದೇ ಊರಿನ ಎರಡು ಸರ್ಕಾರಿ ಕಾರ್ಖಾನೆಗಳು ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಚರ್ಚಿಲ್ ಬ್ರದರ್ಸ್‌ಗಳ ಪಟ್ಟಿಯಲ್ಲಿ! ನಂತರ ಇಳಿದು, 2010ರಲ್ಲಿ ಎರಡನೇ ಡಿವಿಷನ್ ಆಡಿ ಮತ್ತೆ ಮೇಲೆ ಬಂದದ್ದು ಎಚ್‌ಎಎಲ್. ಜೊತೆಗೆ ಬಂದ ಇನ್ನೊಂದು ತಂಡ ಒಎನ್‌ಜಿಸಿ. ಅದೂ ಸರ್ಕಾರಿ ಸಂಸ್ಥೆಯದೇ.

ಈ 2010ರ ಸುತ್ತಮುತ್ತ ನಿಂತು ನೋಡಿದಾಗ ಮೊದಲ ಸುಳಿವು ಸಿಕ್ಕಿತು. ಕೆಳಗಿನಿಂದ ಎರಡು ನೌಕರರ ತಂಡಗಳು ಏರುತ್ತಿದ್ದ ಹೊತ್ತಿಗೇ ಮೇಲಿನಿಂದ ಕಂಪನಿ ತಂಡಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಮುಂಬೈಯ ಮಹೀಂದ್ರಾ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ನ್ಯಾಷನಲ್ ಲೀಗಿನ ಮೊಟ್ಟಮೊದಲ ಚಾಂಪಿಯನ್ ಆಗಿದ್ದ ಪಂಜಾಬಿನ ಜೆಸಿಟಿ 2011ರಲ್ಲಿ ಕೆಳಗಿಳಿದು, ಅದೇ ವರ್ಷ ತಂಡವನ್ನೇ ವಿಸರ್ಜಿಸಿತು. ಆ ವರ್ಷ ಜೆಸಿಟಿಯ ಜೊತೆ ಇಳಿದದ್ದು ಒಎನ್‌ಜಿಸಿ. ಎಚ್‌ಎಎಲ್ ಉಳಿಯಿತು, ಒಂದೇ ವರ್ಷದ ಮಟ್ಟಿಗೆ.

ಇಲ್ಲಿಂದ ಮುಂದಕ್ಕೆ ಹೋಗುವ ಮೊದಲು ಹಿಂದಕ್ಕೆ ಹೋದೆ. ಇಷ್ಟು ಆಟಗಾರರನ್ನು ಬೆಂಗಳೂರು ಎಲ್ಲಿಂದ ತಂದಿತು ಎಂದು ತಿಳಿಯದೆ ಎರಡನೇ ಡಿವಿಷನ್ ಅರ್ಥವಾಗುವುದಿಲ್ಲ. ಹಳೆಯ ಕ್ರೀಡಾ ದಾಖಲೆಗಳಲ್ಲಿ ಹುಡುಕುವವರು ಎರಡು ಸಂಗತಿ ನೆನಪಿಡಬೇಕು. 1973ರ ನವೆಂಬರ್‌ಗಿಂತ ಮೊದಲಿನ ಪಟ್ಟಿಗಳಲ್ಲಿ ನಮ್ಮ ರಾಜ್ಯ ಮೈಸೂರು ಎಂದೇ ಇರುತ್ತದೆ. ಎಚ್‌ಎಎಲ್ 1964ರವರೆಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆಗೂಡಿ ಕಟ್ಟಿದ ಕಾರ್ಖಾನೆ ಅದು. ಇವೆರಡನ್ನು ಮರೆತರೆ ಸಿಗಬೇಕಾದ ಸಾಲುಗಳು ಕಣ್ಣೆದುರೇ ದಾಟಿ ಹೋಗುತ್ತವೆ.

ಹಾಗೆ ಹುಡುಕಿದಾಗ ಬೆಂಗಳೂರು ಸಿಕ್ಕಿದ್ದು ಬೇರೆ ಊರುಗಳ ಪುಸ್ತಕಗಳಲ್ಲಿ. ಮುಂಬೈಯ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಸೇನಾ ತುಕಡಿಗಳ ಸ್ವತ್ತಾಗಿತ್ತು. 1937ರ ಸಾಲಿನಲ್ಲಿ ಗೆದ್ದವರ ಹೆಸರು ಬೆಂಗಳೂರು ಮುಸ್ಲಿಮ್ಸ್, ಸೋತವರು ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್, ಗೋಲು 1-0. ಆ ಕಪ್ಪನ್ನು ಮೊದಲು ಎತ್ತಿದ ಭಾರತೀಯ ನಾಗರಿಕ ತಂಡ ನಮ್ಮ ದಂಡು ಪ್ರದೇಶದ ಹುಡುಗರದು. 1938ರಲ್ಲೂ ಅವರೇ ಗೆದ್ದರು, ಎದುರಿಗಿದ್ದದ್ದು ಬ್ರಿಟಿಷ್ ಸೇನೆಯ ತುಕಡಿ. 1940ರ ಫೈನಲ್‌ನಲ್ಲಿ ಮೊಹಮ್ಮಡನ್ ಸೇಡು ತೀರಿಸಿಕೊಂಡಿತು. 1948ರಲ್ಲಿ ಮೋಹನ್ ಬಾಗಾನ್ ವಿರುದ್ಧ ಬೆಂಗಳೂರು ಮುಸ್ಲಿಮ್ಸ್ ಮತ್ತೊಮ್ಮೆ ಗೆದ್ದಿತು.

ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಪಟ್ಟಿ ಇನ್ನೂ ಸ್ಪಷ್ಟ. 1946-47, 1952-53, 1967-68, 1968-69, ನಾಲ್ಕು ಸಲ ಮೈಸೂರು ಚಾಂಪಿಯನ್. ನಾಲ್ಕೂ ಫೈನಲ್‌ಗಳಲ್ಲಿ ಸೋತದ್ದು ಬಂಗಾಳ. ಮೂರು ಫೈನಲ್‌ಗಳು ಬೆಂಗಳೂರಿನಲ್ಲೇ ನಡೆದವು, 1967-68ರದು ಕಟಕ್‌ನಲ್ಲಿ. ಭಾರತದ ಫುಟ್‌ಬಾಲ್ ಎಂದರೆ ಬಂಗಾಳ ಎಂದು ಹೇಳಿಕೊಂಡು ಬಂದವರು ಈ ನಾಲ್ಕು ಸಾಲುಗಳನ್ನು ಓದಬೇಕು ಎಂದು ನನಗೆ ಅನ್ನಿಸುತ್ತದೆ.

ಒಲಿಂಪಿಕ್ಸ್ ದಾಖಲೆಗಳೂ ಅದನ್ನೇ ಹೇಳುತ್ತವೆ. 1948ರ ಜುಲೈ 31, ಲಂಡನ್ ಪಕ್ಕದ ಇಲ್ಫರ್ಡ್. ಫ್ರಾನ್ಸ್ 2, ಭಾರತ 1. ಸ್ವತಂತ್ರ ಭಾರತದ ಆ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯದಲ್ಲಿ ಬಹಳಷ್ಟು ಆಟಗಾರರು ಬರಿಗಾಲಲ್ಲಿ ಆಡಿದರು, ಎರಡು ಪೆನಾಲ್ಟಿ ಕೈತಪ್ಪಿದವು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಹತ್ತು ಗೋಲು ಹೊಡೆದು ನಮ್ಮನ್ನು ಹಣ್ಣು ಮಾಡಿತು. ಅಲ್ಲಿ ಭಾರತಕ್ಕೆ ಸಿಕ್ಕ ಒಂದೇ ಗೋಲು ಅಹ್ಮದ್ ಖಾನ್ ಅವರದು. ಬೆಂಗಳೂರಿನಲ್ಲಿ ಹುಟ್ಟಿ, ಬೆಂಗಳೂರು ಮುಸ್ಲಿಮ್ಸ್‌ನಲ್ಲಿ ಆಡಿ, ಕಲ್ಕತ್ತಕ್ಕೆ ಹೋದವರು ಅವರು. ಈಸ್ಟ್ ಬೆಂಗಾಲ್ ಅಭಿಮಾನಿಗಳು ಅವರನ್ನೂ, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೆ ಅವರನ್ನೂ ಸೇರಿಸಿ ಪಂಚಪಾಂಡವರೆಂದು ಕರೆದರು. 1949, 1950, 1951, ಮೂರು ವರ್ಷ ಸಾಲಾಗಿ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲ್‌ಗೆ ಬಂತು. 1956ರ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ತಂಡದಲ್ಲಿದ್ದ ಕೆಂಪಯ್ಯ ಕೂಡ ಬೆಂಗಳೂರಿನವರೇ. ಕೆಂಪೇಗೌಡರ ಸೀಮೆಯವನಾದ ನನಗೆ ಆ ಹೆಸರನ್ನು ಒಲಿಂಪಿಕ್ ಪಟ್ಟಿಯಲ್ಲಿ ಓದಿದಾಗ ಆದ ಸಂತೋಷ ಸಣ್ಣದಲ್ಲ.

ಆದರೆ ಇವೆಲ್ಲ ಮೇಲ್ಮೈಯ ದಾಖಲೆ. ಕಪ್ಪುಗಳ ಪಟ್ಟಿಯಲ್ಲಿ ಗೆದ್ದವರು, ಸೋತವರು ಎಂಬ ಎರಡೇ ಕಾಲಂ. ಆ ಹುಡುಗರನ್ನು ತಯಾರು ಮಾಡಿದ್ದು ಬೆಂಗಳೂರಿನ ಲೀಗ್. ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ. ಮಾಗಡಿ, ಕನಕಪುರ, ಚನ್ನಪಟ್ಟಣದ ಹುಡುಗ ಫುಟ್‌ಬಾಲಿನಲ್ಲಿ ಹೆಸರು ಮಾಡಬೇಕೆಂದರೆ ಬಸ್ಸು ಹತ್ತಿ ಅಲ್ಲಿಗೇ ಹೋಗಬೇಕು. ಅಶೋಕನಗರದ ಸ್ಟೇಡಿಯಮ್‌ನಲ್ಲಿ ಸಂಜೆ ನಾಲ್ಕರ ಬಿಸಿಲಿಗೆ ಸಿ ಡಿವಿಷನ್ ಪಂದ್ಯ ಆಡಿ, ಯಾವುದಾದರೂ ಕಾರ್ಖಾನೆಯ ಕೋಚ್ ಕಣ್ಣಿಗೆ ಬಿದ್ದು, ಕೆಲಸಕ್ಕೆ ಸೇರಿ, ಸೂಪರ್ ಡಿವಿಷನ್‌ಗೆ, ಅಲ್ಲಿಂದ ರಾಷ್ಟ್ರೀಯ ಎರಡನೇ ಡಿವಿಷನ್‌ಗೆ. ಈ ಏಣಿಯಲ್ಲಿ ಮೇಲಿನ ಎರಡು ಮೆಟ್ಟಿಲು ಒಟ್ಟಿಗೆ ಕಿತ್ತುಹೋದದ್ದು ಯಾವಾಗ ಎಂಬುದೇ ನನ್ನ ನಿಜವಾದ ಹುಡುಕಾಟವಾಯಿತು.

ಇಂಥ ಏಣಿಯ ದಾಖಲೆ ಪೂರ್ತಿ ಉಳಿದರೆ ಏನೆಲ್ಲ ಕಾಣುತ್ತದೆ ಎಂದು ತಿಳಿಯಲು ಜರ್ಮನಿಯ ಒಂದು ಲೀಗನ್ನು ಪಕ್ಕದಲ್ಲಿಟ್ಟುಕೊಂಡೆ. ರೆಗಿಯೊನಾಲ್‌ಲೀಗಾ ಸ್ಯೂಡ್, ದಕ್ಷಿಣ ಜರ್ಮನಿಯ ಎರಡನೇ ದರ್ಜೆಯ ಲೀಗ್, 1963ರಿಂದ 1974ರವರೆಗೆ ನಡೆದು ನಿಂತುಹೋದದ್ದು. 1963ರಲ್ಲಿ ಬುಂಡೆಸ್‌ಲೀಗಾ ಹದಿನಾರು ತಂಡಗಳೊಂದಿಗೆ ಶುರುವಾದಾಗ ಬಯರ್ನ್ ಮ್ಯೂನಿಕ್‌ಗೆ ಅದರಲ್ಲಿ ಜಾಗ ಸಿಗಲಿಲ್ಲ, ಅದೇ ಊರಿನ 1860 ಮ್ಯೂನಿಕ್‌ಗೆ ಸಿಕ್ಕಿತು. ಬಯರ್ನ್ ಎರಡು ವರ್ಷ ಈ ಕೆಳದರ್ಜೆಯಲ್ಲಿ ಆಡಿತು. 1964-65ರ ಪಟ್ಟಿಯಲ್ಲಿ ಅದರ ಲೆಕ್ಕ 36 ಪಂದ್ಯ, 146 ಗೋಲು. ಬೆಕೆನ್‌ಬೌವರ್, ಗೆರ್ಡ್ ಮ್ಯೂಲರ್, ಸೆಪ್ ಮೈಯರ್, ಜಗತ್ತು ಬಲ್ಲ ಮೂವರೂ ಪಳಗಿದ್ದು ಅಲ್ಲಿ, ಸಣ್ಣ ಊರುಗಳ ಮೈದಾನಗಳಲ್ಲಿ. ಲೀಗಿನ ಕೊನೆಯ ವರ್ಷದಲ್ಲಿ, 1973ರ ಆಗಸ್ಟ್ 15ರಂದು, ಮ್ಯೂನಿಕ್‌ನ ಒಲಿಂಪಿಕ್ ಸ್ಟೇಡಿಯಮ್‌ಗೆ 1860 ಮತ್ತು ಎಫ್‌ಸಿ ಆಗ್ಸ್‌ಬರ್ಗ್ ಪಂದ್ಯ ನೋಡಲು ಸುಮಾರು 80,000 ಜನ ಬಂದರು. ಇಟಲಿಯಿಂದ ಮನೆಗೆ ಮರಳಿದ್ದ ಹೆಲ್ಮುಟ್ ಹಾಲರ್ ಆಗ್ಸ್‌ಬರ್ಗ್‌ಗೆ ಆಡುತ್ತಿದ್ದರು. ಆ ಸಲ ಲೀಗ್ ಗೆದ್ದದ್ದೂ ಆಗ್ಸ್‌ಬರ್ಗೇ. ಅಷ್ಟು ಜನ ಬಂದರೂ ಲೀಗ್ ಉಳಿಯಲಿಲ್ಲ. ಮೇಲಿನ ದರ್ಜೆಯ ಅನುಕೂಲಕ್ಕೆಂದು 1974ರಲ್ಲಿ ಐದು ಪ್ರಾದೇಶಿಕ ಲೀಗುಗಳನ್ನು ತೆಗೆದು ಉತ್ತರ, ದಕ್ಷಿಣ ಎಂದು ಎರಡು ಮಾಡಿದರು, 1981ರಲ್ಲಿ ಆ ಎರಡನ್ನೂ ಒಂದು ಮಾಡಿದರು.

ಜನ ಬಾರದೆ ಸತ್ತ ಲೀಗಲ್ಲ ಅದು, ಮೇಲಿನವರ ತೀರ್ಮಾನದಿಂದ ಮುಗಿದ ಲೀಗು. ಇದನ್ನು ತಿಳಿದ ಮೇಲೆ ನಮ್ಮ ಪಟ್ಟಿಗಳನ್ನು ಓದುವ ಕ್ರಮವೇ ಬದಲಾಯಿತು. ಅಲ್ಲಿಯವರೆಗೆ ಎಚ್‌ಎಎಲ್ ಸೋತ ಪಂದ್ಯಗಳನ್ನು ನೋಡುತ್ತಿದ್ದವನು ಈಗ ಫೆಡರೇಷನ್ ನಿಯಮಗಳ ಕಡೆ ತಿರುಗಿದೆ.

ಉತ್ತರ ಇದ್ದದ್ದು 2013ರಲ್ಲಿ. ಎಚ್‌ಎಎಲ್ ಜೊತೆ 2010ರಲ್ಲಿ ಏರಿದ್ದ ಒಎನ್‌ಜಿಸಿ ಒಮ್ಮೆ ಇಳಿದು, ಮತ್ತೆ ಏರಿ, 2012-13ರ ಐ-ಲೀಗ್ ಆಡಿತ್ತು. ಆ ಋತು ಮುಗಿದ ಮೇಲೆ ಒಎನ್‌ಜಿಸಿಯನ್ನೂ ಏರ್ ಇಂಡಿಯಾವನ್ನೂ ಲೀಗಿನಿಂದ ಹೊರಗಿಟ್ಟರು. ಕಾರಣ, ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಕ್ಲಬ್ ಪರವಾನಗಿ ನಿಯಮಗಳು. ಕ್ಲಬ್ಬು ಸ್ವತಂತ್ರ ವೃತ್ತಿಪರ ಸಂಸ್ಥೆಯಾಗಿರಬೇಕು, ಕಿರಿಯರ ತಂಡಗಳಿರಬೇಕು, ಲೆಕ್ಕಪತ್ರ ಪ್ರತ್ಯೇಕವಾಗಿರಬೇಕು. ಕಾರ್ಖಾನೆಯ ಕ್ರೀಡಾ ವಿಭಾಗವಾಗಿ ನಡೆಯುವ ತಂಡಕ್ಕೆ ಈ ಅಳತೆ ಹೊಂದುವುದು ಕಷ್ಟ. ಅಲ್ಲಿಗೆ ಎಚ್‌ಎಎಲ್‌ನಂಥ ತಂಡ ಎರಡನೇ ಡಿವಿಷನ್ ಗೆದ್ದರೂ ಮೇಲೆ ಉಳಿಯುವ ದಾರಿ ಮುಚ್ಚಿಹೋದಂತೆ. ಅದೇ 2013ರಲ್ಲಿ ಬೆಂಗಳೂರಿನಲ್ಲಿ ಜೆಎಸ್‌ಡಬ್ಲ್ಯು ಒಡೆತನದ ಬೆಂಗಳೂರು ಎಫ್‌ಸಿ ಹುಟ್ಟಿತು, ಎರಡನೇ ಡಿವಿಷನ್ ಮೆಟ್ಟದೆ ಬಿಡ್ ಮೂಲಕ ನೇರವಾಗಿ ಐ-ಲೀಗಿಗೆ ಬಂತು. ಆಡಿದ ಮೊದಲ ವರ್ಷವೇ, 2013-14ರಲ್ಲಿ, ಚಾಂಪಿಯನ್ ಆಯಿತು. ಅವರ ಸಾಧನೆ ದೊಡ್ಡದು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋದ ಮೊದಲ ಭಾರತೀಯ ತಂಡ ಅದು. ಆದರೆ ಒಂದೇ ವರ್ಷದಲ್ಲಿ ಒಂದು ಬಗೆಯ ತಂಡಕ್ಕೆ ಬಾಗಿಲು ಮುಚ್ಚಿ ಇನ್ನೊಂದು ಬಗೆಯದಕ್ಕೆ ತೆರೆದದ್ದನ್ನು ದಾಖಲೆ ಮರೆಮಾಚುವುದಿಲ್ಲ. ಪರವಾನಗಿ ಬೇಡವೆಂದು ನಾನು ಹೇಳಲಾರೆ. ನೌಕರಿ ಕೊಟ್ಟು ಆಟಗಾರರನ್ನು ಸಾಕಿದ ವ್ಯವಸ್ಥೆಗೆ ಹೊಸ ರೂಪ ಕೊಡಲು ಯಾರೂ ಕುಳಿತು ಯೋಚಿಸಲಿಲ್ಲ ಎಂಬುದು ನೋವು.

ಉಳಿದ ಕಥೆ ಬೇಗ ಮುಗಿಯುತ್ತದೆ. 2017-18ರಿಂದ, ಐ-ಲೀಗಿಗೆ ಸಮಾನಾಂತರವಾಗಿ ನಡೆಯುತ್ತಿದ್ದ ಇಂಡಿಯನ್ ಸೂಪರ್ ಲೀಗ್ ಕ್ಲಬ್ಬುಗಳ ಮೀಸಲು ತಂಡಗಳು ಎರಡನೇ ಡಿವಿಷನ್‌ಗೆ ಬಂದವು, ಗೆದ್ದರೂ ಬಡ್ತಿ ಇಲ್ಲ ಎಂಬ ಷರತ್ತಿನ ಮೇಲೆ. 2018ರ ಅಂತಿಮ ಸುತ್ತು ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಮ್‌ನಲ್ಲೇ ನಡೆಯಿತು. ನಾಲ್ಕು ತಂಡಗಳಲ್ಲಿ ಬೆಂಗಳೂರಿನದೇ ಆದ ಓಝೋನ್ ಎಫ್‌ಸಿ ಒಂದು. ಮೇ 30ರಂದು ದೆಹಲಿಯ ಹಿಂದೂಸ್ತಾನ್ ಎಫ್‌ಸಿಯನ್ನು 3-2ರಲ್ಲಿ ಸೋಲಿಸಿ ರಿಯಲ್ ಕಾಶ್ಮೀರ ಮೇಲೆ ಹೋಯಿತು. ಎರಡು ವರ್ಷದ ನಂತರ ಕೋವಿಡ್ ಲೀಗನ್ನು ಅರ್ಧಕ್ಕೆ ನಿಲ್ಲಿಸಿತು, ಅದರ ಬದಲು ಅರ್ಹತಾ ಪಂದ್ಯಗಳನ್ನು ಆಡಿಸಿದರು. 2022-23ರಲ್ಲಿ ಐ-ಲೀಗ್ ಗೆದ್ದವರಿಗೆ ಸೂಪರ್ ಲೀಗಿಗೆ ಬಡ್ತಿ ಎಂದಾದಾಗ ಐ-ಲೀಗೇ ದೇಶದ ಎರಡನೇ ದರ್ಜೆಯಾಯಿತು, ಹಳೆಯ ಎರಡನೇ ಡಿವಿಷನ್ ಐ-ಲೀಗ್ 2 ಎಂಬ ಹೆಸರಲ್ಲಿ ಮೂರನೆಯದಾಗಿ ಕೂತಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ತಂದಿತು. ಮರುವರ್ಷ ಐ-ಲೀಗ್ 2 ಗೆದ್ದು ಮೇಲೇರಿದ ಎಸ್‌ಸಿ ಬೆಂಗಳೂರು, 2024-25ರ ಕೊನೆಗೆ ಮತ್ತೆ ಇಳಿಯಿತು.

ಅಂಕಪಟ್ಟಿಗಳಿಂದ ತೆಗೆಯಬಹುದಾದಷ್ಟನ್ನು ತೆಗೆದಿದ್ದೇನೆ. ಇನ್ನು ಬೇಕಾದದ್ದು ಮನೆಗಳಲ್ಲಿರುವ ಕಾಗದ: ಸೂಪರ್ ಡಿವಿಷನ್, ಎ ಡಿವಿಷನ್ ಪಂದ್ಯಗಳ ಆಟಗಾರರ ಪಟ್ಟಿಗಳು, ಕಾರ್ಖಾನೆಯ ಕ್ರೀಡಾ ಕೋಟಾದ ನೇಮಕಾತಿ ಪತ್ರಗಳು, ಕತ್ತರಿಸಿ ಅಂಟಿಸಿದ ಪತ್ರಿಕೆಯ ತುಣುಕುಗಳು, ಹಿಂಬದಿಯಲ್ಲಿ ಹೆಸರು ಬರೆದ ತಂಡದ ಫೋಟೋಗಳು. ಎಚ್‌ಎಎಲ್, ಐಟಿಐ ಅಥವಾ ಬೇರೆ ಯಾವುದೇ ಕಾರ್ಖಾನೆಗೆ ಆಡಿ ಈಗ ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣದ ಕಡೆ ನೆಲೆಸಿದವರು, ಇಲ್ಲವೇ ಅವರ ಮಕ್ಕಳು, ಅವನ್ನು ಹಳೆ ಪೇಪರಿನವರಿಗೆ ಹಾಕುವ ಮುನ್ನ ಊರಿನ ಗ್ರಂಥಾಲಯಕ್ಕೋ ಶಾಲೆಯ ಮೇಷ್ಟರಿಗೋ ಒಮ್ಮೆ ತೋರಿಸಲಿ. ಫೋಟೋದ ಹಿಂದೆ ಹೆಸರಿಲ್ಲದಿದ್ದರೆ, ಗುರುತಿಸಬಲ್ಲವರು ಇರುವಾಗಲೇ ಪೆನ್ಸಿಲ್ಲಿನಲ್ಲಿ ಬರೆಸಿಡಲಿ.