ತೆರಿಗೆಯ ಪಟ್ಟಿಯೂ ವೃದ್ಧರ ಪರಿಹಾರಧನವೂ

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ 1935ರ ಸಾಮಾಜಿಕ ಭದ್ರತಾ ಶಾಸನದ ಫಲವಾಗಿ ದೊರೆಯತೊಡಗಿದ ವೃದ್ಧಾಪ್ಯವೇತನವು ಬಹುಕಾಲ ವರಮಾನ ತೆರಿಗೆಗೆ ಹೊರತಾಗಿದ್ದಿತು. 1983ರ ತಿದ್ದುಪಡಿಯ ಅನಂತರವೂ ಅಲ್ಪ ವರಮಾನದವರಿಗೆ ಆ ವಿನಾಯಿತಿ ಉಳಿಯಿತು. ಆದುದರಿಂದ ಆ ವೇತನವೊಂದನ್ನೇ ನಂಬಿದ ಲಕ್ಷಾಂತರ ವೃದ್ಧರು ತೆರಿಗೆಯ ರಿಟರ್ನು ಸಲ್ಲಿಸುವುದಿಲ್ಲ; ಸಲ್ಲಿಸಬೇಕೆಂದು ಶಾಸನವೂ ಕೇಳುವುದಿಲ್ಲ. ನಿಯಮಕ್ಕೆ ಒಪ್ಪಿದ ಈ ನಡತೆಯೇ ಮುಂದೆ ಅವರಿಗೆ ತೊಡಕಾಗಿ ಪರಿಣಮಿಸಿತು.

2008ರ ಫೆಬ್ರವರಿಯಲ್ಲಿ ಅಧ್ಯಕ್ಷ ಬುಷ್ ಅಂಕಿತ ಹಾಕಿದ ಶಾಸನವು ಆರ್ಥಿಕ ಪರಿಹಾರವನ್ನು ತೆರಿಗೆಯ ರಿಯಾಯಿತಿಯ ರೂಪದಲ್ಲಿ ಕಲ್ಪಿಸಿತು. ವರ್ಷಕ್ಕೆ ಕನಿಷ್ಠ 3,000 ಡಾಲರು ವೃದ್ಧಾಪ್ಯವೇತನ ಪಡೆದವನಿಗೂ 300 ಡಾಲರು ಸಲ್ಲತಕ್ಕದ್ದು. ಆದರೆ ತೆರಿಗೆಯನ್ನೇ ಕೊಡಬೇಕಾಗಿಲ್ಲದ ಆತನು ಅದಕ್ಕಾಗಿ 2007ರ ರಿಟರ್ನನ್ನು ಅಕ್ಟೋಬರ್ 15ರೊಳಗೆ ತುಂಬಿ ಕಳುಹಿಸಬೇಕು. ಅವಧಿ ಸಮೀಪಿಸಿದರೂ ಕೇಳದೆ ಉಳಿದ ಸುಮಾರು 52 ಲಕ್ಷ ವೃದ್ಧರಿಗೂ ಮಾಜಿ ಸೈನಿಕರಿಗೂ ತೆರಿಗೆ ಇಲಾಖೆಯು ನಮೂನೆಗಳನ್ನು ಅಂಚೆಯಲ್ಲಿ ಕಳುಹಿಸಿತು. ನಮೂನೆ ತಲುಪಿಸುವಷ್ಟು ಹೆಸರು, ವಿಳಾಸ ಸರಕಾರದ ಬಳಿ ಇದ್ದುವೆಂದಮೇಲೆ ಹಣವನ್ನೇ ತಲುಪಿಸಲು ಅಡ್ಡಿ ಯಾವುದು? ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಮಾತು ಆ ದೇಶಕ್ಕೂ ಸಲ್ಲುವಂಥದು.

ಮರುವರ್ಷವೇ ಬೇರೆ ದಾರಿ ಹಿಡಿಯಲಾಯಿತು. ಒಬಾಮಾ ಆಡಳಿತದ 2009ರ ಶಾಸನದಂತೆ, ಯಾವ ಅರ್ಜಿಯೂ ಇಲ್ಲದೆ, ವೇತನದ ಪಟ್ಟಿಯನ್ನೇ ಹಿಡಿದು ತಲಾ 250 ಡಾಲರು ಹಂಚಲ್ಪಟ್ಟಿತು. ಸಾಮಾಜಿಕ ಭದ್ರತಾ ಇಲಾಖೆಯ ಮೂಲಕ ಇಂಥ 5.2 ಕೋಟಿ ಪಾವತಿಗಳು ನಡೆದುವು. ಅವುಗಳಲ್ಲಿ ಸುಮಾರು 89,000 ಪಾವತಿಗಳು ಮೃತರಿಗೂ ಸೆರೆಯಲ್ಲಿದ್ದವರಿಗೂ ಸಂದುವೆಂದು 2010ರಲ್ಲಿ ಲೆಕ್ಕಪರಿಶೋಧಕರು ತೋರಿಸಿದರು. ತಪ್ಪು ನಿಜ, ಆದರೆ ಹಿಂದಿನ ವರ್ಷ ಕೈತಪ್ಪಿದವರ ಸಂಖ್ಯೆಯೆದುರು ಅದು ಅತ್ಯಲ್ಪ.

ಈ ಅನುಭವವು ಕಡತದಲ್ಲಿಯೇ ಉಳಿಯಿತೆಂದು ತೋರುತ್ತದೆ. ಮಹಾಮಾರಿಯ ನಿಮಿತ್ತ 2020ರ ಮಾರ್ಚ್ 27ರಂದು 1,200 ಡಾಲರುಗಳ ಪರಿಹಾರ ಶಾಸನವಾದಾಗ, ವೇತನದ ದಾಖಲೆಗಳನ್ನು ಬಳಸಲು ಅದರಲ್ಲಿಯೇ ಅವಕಾಶವಿದ್ದಿತು. ಹಾಗಿದ್ದೂ ಮಾರ್ಚ್ 30ರಂದು ತೆರಿಗೆ ಇಲಾಖೆಯು ವೃದ್ಧರಿಂದ ಸರಳ ರಿಟರ್ನು ಬೇಡಿತು. ಸೋಂಕಿಗೆ ಅಂಜಿ ವೃದ್ಧರು ಮನೆಯೊಳಗೇ ಉಳಿಯಬೇಕಾಗಿದ್ದ ದಿನಗಳವು. ಆಕ್ಷೇಪಣೆಗಳೆದ್ದುವು, ಏಪ್ರಿಲ್ 1ರಂದು ಹಣಕಾಸು ಇಲಾಖೆಯು ಆ ಸೂಚನೆಯನ್ನು ಕೈಬಿಟ್ಟಿತು.

ಆದರೆ ಮೊಮ್ಮಕ್ಕಳನ್ನು ಸಾಕುತ್ತಿದ್ದವರ ಪಾಡು ಬೇರೆ. ಮಗುವಿಗೆ ಸಲ್ಲುವ 500 ಡಾಲರು ವೇತನದೊಡನೆ ಬರಬೇಕಾದರೆ ಪ್ರತ್ಯೇಕವಾಗಿ ಹೆಸರು ನಮೂದಿಸಬೇಕಾಗಿದ್ದಿತು. ಏಪ್ರಿಲ್ 20ರಂದು ಹೊರಟ ಪ್ರಕಟಣೆಯು 22ರ ಮಧ್ಯಾಹ್ನವನ್ನೇ ಗಡುವೆಂದು ಸಾರಿತು. ತಪ್ಪಿಸಿಕೊಂಡವರಿಗಾಗಿ ಆಗಸ್ಟಿನಲ್ಲಿ ಅದನ್ನು ಮತ್ತೆ ತೆರೆದು, ಸೆಪ್ಟೆಂಬರ್ 30ರವರೆಗೆ ಅವಕಾಶ ಕೊಡಬೇಕಾಯಿತು.