ಇಂಪೀರಿಯಲ್ ಕಣಿವೆಯ ಚೊಚ್ಚಲ ಮಕ್ಕಳು

ಬೇರೆ ಭಾಷೆಯವರನ್ನು ಮದುವೆಯಾದ ನಮ್ಮಂಥ ಹೊರನಾಡ ಕನ್ನಡಿಗರ ಮನೆಗಳಲ್ಲಿ, ಮದುವೆಯ ದಿನ ಯಾರೂ ಕೇಳದ ಪ್ರಶ್ನೆಗಳು ಮಗು ಬರುವ ಸುದ್ದಿಯ ಹಿಂದೆಯೇ ಬರುತ್ತವೆ. ಬಾಣಂತನ ಎಲ್ಲಿ? ಹೆಸರು ಯಾರ ಕಡೆಯದು? ತೊಟ್ಟಿಲ ಮುಂದೆ ಯಾವ ಭಾಷೆ? ನೂರು ವರ್ಷಗಳ ಹಿಂದೆ ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯಲ್ಲಿ ಕೆಲವು ನೂರು ಭಾರತೀಯರ ಮನೆಗಳಲ್ಲೂ ಇವೇ ಪ್ರಶ್ನೆಗಳಿದ್ದವು. ಜೊತೆಗೆ ನಮಗೆ ಎದುರಾಗದ ಇನ್ನೊಂದು ಪ್ರಶ್ನೆಯೂ ಇತ್ತು: ಅಪ್ಪನಿಗೆ ಜಾಗ ಕೊಡದ ದೇಶ ಮಗುವಿಗೆ ಕೊಡುತ್ತದೆಯೇ?

ಕೊಲರಾಡೊ ನದಿಯ ಕಾಲುವೆ ನೀರು 1901ರಲ್ಲಿ ಹರಿದ ಮೇಲೆ ಮರುಭೂಮಿಯಾಗಿದ್ದ ಇಂಪೀರಿಯಲ್ ಕಣಿವೆ ಹೊಲವಾಯಿತು. ಎಲ್ ಸೆಂಟ್ರೊ, ಬ್ರಾಲಿ, ಹೋಲ್ಟ್‌ವಿಲ್ ಊರುಗಳ ಸುತ್ತ ಹತ್ತಿ ಬೆಳೆಯಲು ಪಂಜಾಬಿನ ರೈತರು ಬಂದರು. ಹೆಚ್ಚಿನವರು ಸಿಖ್ಖರು, ಮುಸ್ಲಿಮರೂ ಕೆಲವು ಹಿಂದೂಗಳೂ ಇದ್ದರು. ಅಮೆರಿಕನ್ನರ ಬಾಯಲ್ಲಿ ಎಲ್ಲರೂ 'ಹಿಂದೂ'ಗಳೇ. ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವರೂ ಇವರಲ್ಲಿದ್ದರು. 1917ರ ವಲಸೆ ಕಾನೂನು ಏಷ್ಯಾದ ಬಹುಭಾಗದವರಿಗೆ ಬಾಗಿಲು ಹಾಕಿತು. ಹೆಂಡತಿಯನ್ನು ಕರೆಸುವಂತಿಲ್ಲ, ಊರಿಗೆ ಹೋದರೆ ತಾನೇ ಮರಳುತ್ತೇನೆಂಬ ಭರವಸೆ ಇಲ್ಲ.

ಅದೇ ಕಾಲಕ್ಕೆ ಗಡಿಯಾಚೆ ಮೆಕ್ಸಿಕೋದಲ್ಲಿ ಕ್ರಾಂತಿ. ಗದ್ದಲದಿಂದ ಓಡಿಬಂದ ಕುಟುಂಬಗಳ ಹೆಂಗಸರು ಹತ್ತಿ ಬಿಡಿಸಲು ಪಂಜಾಬಿಗಳ ಹೊಲಕ್ಕೇ ಬಂದರು. ಕ್ಯಾಲಿಫೋರ್ನಿಯಾದಲ್ಲಿ ಆಗ ಬಿಳಿಯರು ಕೆಲವು ಜನಾಂಗದವರನ್ನು ಮದುವೆಯಾಗದಂತೆ ತಡೆಯುವ ಕಾನೂನಿತ್ತು. ಆದರೆ ಲೈಸೆನ್ಸ್ ಕೊಡುವ ಕೌಂಟಿ ಗುಮಾಸ್ತರು ವಧೂವರರ ಮೈಬಣ್ಣ ನೋಡಿ, ಇಬ್ಬರೂ ಒಂದೇ ತರಹ ಕಂಡರೆ ಸಹಿ ಹಾಕುತ್ತಿದ್ದರು. ಈ ಸಮುದಾಯದ ಚರಿತ್ರೆ ಬರೆದ ಕ್ಯಾರನ್ ಲೆನರ್ಡ್ ಕ್ಯಾಲಿಫೋರ್ನಿಯಾದಲ್ಲಿ ಇಂಥ 378 ಜೋಡಿಗಳನ್ನು ಲೆಕ್ಕ ಹಾಕಿದ್ದಾರೆ. ಹೆಂಡತಿಯರಲ್ಲಿ ನೂರಕ್ಕೆ ಎಂಬತ್ತರಷ್ಟು ಸ್ಪ್ಯಾನಿಷ್ ಮಾತಿನವರು.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನ ಹಕ್ಕು. ಆ ಕಣಿವೆಯಲ್ಲಿ ಹುಡುಗಿ ತವರಿಗೆ ಹೋಗಬೇಕಿರಲಿಲ್ಲ, ತವರೇ ಹತ್ತಿರವಿತ್ತು. ಎಷ್ಟೋ ಕಡೆ ಜೊತೆಯಲ್ಲಿ ಬೇಸಾಯ ಮಾಡುತ್ತಿದ್ದ ಪಂಜಾಬಿಗಳು ಅಕ್ಕತಂಗಿಯರನ್ನು ಮದುವೆಯಾಗಿದ್ದರು. ತಾಯಿಯೂ ಅಲ್ಲೇ ಇರುತ್ತಿದ್ದಳು. ಗಂಡನ ಕಡೆಯಿಂದ ಮಾತ್ರ ಒಬ್ಬ ಹೆಂಗಸೂ ಇಲ್ಲ. ಅತ್ತೆ, ನಾದಿನಿ, ಓರಗಿತ್ತಿ ಎಲ್ಲರೂ ಸಾವಿರಾರು ಮೈಲಿ ದೂರದ ಜಲಂಧರ್, ಹೋಶಿಯಾರ್‌ಪುರದ ಹಳ್ಳಿಗಳಲ್ಲಿ. ಮೆಕ್ಸಿಕೋದಲ್ಲಿ ಬಾಣಂತಿಯನ್ನು ನಲವತ್ತು ದಿನ ಜೋಪಾನ ಮಾಡುವ 'ಕ್ವಾರೆಂತೆನಾ' ಎಂಬ ಪದ್ಧತಿ ಇದೆ. ಪಂಜಾಬಿನ ಬಾಣಂತಿಗೆ ತುಪ್ಪ, ಬೆಲ್ಲ, ಗೋಂದು ಬೆರೆಸಿದ ಪಂಜೀರಿ ಕೊಡುತ್ತಾರೆ, ನಾವು ಅಂಟಿನುಂಡೆ ಕೊಡುವ ಹಾಗೆ. ಆದರೆ ಈ ಅಡುಗೆ, ಆರೈಕೆಯ ತಿಳಿವಳಿಕೆ ಹೆಂಗಸಿನಿಂದ ಹೆಂಗಸಿಗೆ ದಾಟುವಂಥದ್ದು. ಗಂಡನ ಕಡೆಯ ಹೆಂಗಸರೇ ಇಲ್ಲದ ಮನೆಯಲ್ಲಿ ಬಾಣಂತನ ಯಾರ ರೀತಿಯಲ್ಲಿ ನಡೆದಿರಬೇಕು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಹೆಸರಿನ ವಿಷಯಕ್ಕೆ ಇಬ್ಬರೂ ಪಾಲು ಹಂಚಿಕೊಂಡರು. ಮುಂದೆ ಮರಿಯಾ ಅಥವಾ ಹೋಸೆ, ಹಿಂದೆ ಸಿಂಗ್ ಅಥವಾ ಖಾನ್. ಅಪ್ಪಂದಿರು ತಮ್ಮ ಧರ್ಮ ಬಿಡಲಿಲ್ಲ, ಆದರೆ ಮಕ್ಕಳಿಗೆ ಕ್ಯಾಥೊಲಿಕ್ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸಲು ಒಪ್ಪಿದರು. ಅಲ್ಲಿ ಮಗುವಿಗೆ ಧರ್ಮದ ತಂದೆತಾಯಿ ಬೇಕು. ಅದಕ್ಕೆ ಇಂಥದ್ದೇ ಮತ್ತೊಂದು ಜೋಡಿಯನ್ನು ಕರೆಯುತ್ತಿದ್ದರು. ಸ್ಪ್ಯಾನಿಷಿನಲ್ಲಿ ಹೆತ್ತವರಿಗೂ ಧರ್ಮದ ತಂದೆತಾಯಿಗೂ ನಡುವಿನ ನಂಟಿಗೆ 'ಕೊಂಪಾದ್ರಾಸ್ಗೊ' ಎಂಬ ಹೆಸರೇ ಇದೆ. ಬಂಧುಬಳಗ ಇಲ್ಲದೆ ಬಂದ ಪಂಜಾಬಿ ಗಂಡಸಿಗೆ ಮಗು ಹುಟ್ಟಿದ್ದರಿಂದ ಒಂದು ಬಳಗವೇ ಹುಟ್ಟಿತು. ಮನೆಮಾತು ಸ್ಪ್ಯಾನಿಷ್ ಆಯಿತು. ಹೊಲದ ಆಳುಗಳ ಜೊತೆ ಅಪ್ಪನೂ ಅದನ್ನೇ ಆಡುತ್ತಿದ್ದ. ಪಂಜಾಬಿ ಕಲಿಸಲು ಅವನಿಗೆ ಪುರುಸೊತ್ತೂ ಇರಲಿಲ್ಲ, ಅದನ್ನು ಆಡುವ ಹೆಂಗಸರೂ ಇರಲಿಲ್ಲ. ಉಳಿದದ್ದು ಅಡುಗೆ: ಕೋಳಿ ಸಾರು, ರೊಟ್ಟಿ. ಅದನ್ನು ಹೆಂಡತಿಗೆ ಕಲಿಸಿದವನು ಗಂಡನೇ.

ಇನ್ನು ಆ ದೊಡ್ಡ ಪ್ರಶ್ನೆ. 1913ರ ಕ್ಯಾಲಿಫೋರ್ನಿಯಾ ಕಾನೂನು, ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಕೃಷಿಭೂಮಿ ಕೊಳ್ಳಬಾರದೆಂದಿತು. 1920ರಲ್ಲಿ ಗುತ್ತಿಗೆಗೂ ಅಡ್ಡಿಯಾಯಿತು. ಭಾರತೀಯರು ಇದರೊಳಗೆ ಬರುತ್ತಾರೋ ಇಲ್ಲವೋ ಎಂಬ ಗೊಂದಲವನ್ನು 1923ರ ಫೆಬ್ರವರಿಯಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು: ಭಾರತೀಯರು ಕಾನೂನಿನ ಅರ್ಥದಲ್ಲಿ 'ಬಿಳಿಯರು' ಅಲ್ಲ, ಆದ್ದರಿಂದ ಪೌರತ್ವವಿಲ್ಲ. ಹೆಂಡತಿಯ ಹೆಸರಿಗೆ ಜಮೀನು ಮಾಡೋಣವೆಂದರೆ 1922ರ ಕೇಬಲ್ ಕಾಯ್ದೆ ಅಡ್ಡ ಬಂತು. ಪೌರತ್ವಕ್ಕೆ ಅರ್ಹನಲ್ಲದವನನ್ನು ಮದುವೆಯಾದ ಅಮೆರಿಕನ್ ಹೆಂಗಸು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ಈ ನಿಯಮ 1931ರವರೆಗೆ ಇತ್ತು.

ಆ ಮನೆಯಲ್ಲಿ ಅಮೆರಿಕದ ಕಾನೂನು ಅಲ್ಲಗಳೆಯಲಾಗದ ಜೀವ ಒಂದೇ, ತೊಟ್ಟಿಲಲ್ಲಿ ಮಲಗಿದ ಕೂಸು. ಸಂವಿಧಾನದ 14ನೇ ತಿದ್ದುಪಡಿಯ ಪ್ರಕಾರ ಆ ನೆಲದಲ್ಲಿ ಹುಟ್ಟಿದವರು ಪ್ರಜೆಗಳು. ಚೀನೀ ದಂಪತಿಯ ಮಗ ವಾಂಗ್ ಕಿಮ್ ಆರ್ಕ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1898ರಲ್ಲೇ ಅದನ್ನು ಎತ್ತಿಹಿಡಿದಿತ್ತು. ಅಪ್ರಾಪ್ತ ಮಕ್ಕಳ ಪಾಲಕರಾಗಿ ಹೆತ್ತವರು ಜಮೀನು ನೋಡಿಕೊಳ್ಳದಂತೆ ತಡೆಯಲು ಸರ್ಕಾರ ಮಾಡಿದ ಪ್ರಯತ್ನವನ್ನು 1922ರಲ್ಲಿ ಜಪಾನೀ ಕುಟುಂಬವೊಂದರ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟೇ ತಳ್ಳಿಹಾಕಿತ್ತು. ಮುಂದೆ ಪಂಜಾಬಿಗಳೂ ಈ ದಾರಿ ಹಿಡಿದರು. ಇನ್ನೂ ಅಕ್ಷರ ಬಾರದ ಮಕ್ಕಳ ಹೆಸರಲ್ಲಿ ಜಮೀನು, ಪಾಲಕನ ಜಾಗದಲ್ಲಿ ಅಪ್ಪನ ಹೆಸರು.

ಇದನ್ನು ಹಿಡಿದು, ಅವರು ಜಮೀನಿನ ಆಸೆಗೇ ಮದುವೆಯಾದರು ಎಂಬ ಮಾತು ಹುಟ್ಟಿಕೊಂಡಿತು. ಆದರೆ ಮದುವೆಗಳು ಶುರುವಾದದ್ದು 1916-17ರ ಸುಮಾರಿಗೆ, ಥಿಂಡ್ ತೀರ್ಪಿಗೆ ಆರೇಳು ವರ್ಷ ಮೊದಲೇ. ಆ ಹೆಂಡತಿಯರಿಂದ ಜಮೀನಿನ ಹಕ್ಕೂ ಬರುತ್ತಿರಲಿಲ್ಲ. ಸಂಸಾರ ಬೇಕೆಂದು ಮದುವೆಯಾದರು. ಮಗುವಿನ ಹೆಸರು ಬೇಸಾಯಕ್ಕೆ ಒದಗಿದ್ದು ಆಮೇಲೆ.

ಎಲ್ಲವೂ ಸುಖವಾಗಿತ್ತೆಂದಲ್ಲ. ಗಂಡಹೆಂಡಿರ ನಡುವೆ ವಯಸ್ಸಿನ ಅಂತರ ದೊಡ್ಡದು, ವಿಚ್ಛೇದನಗಳೂ ಬಹಳ. ಶಾಲೆಯಲ್ಲಿ ಈ ಮಕ್ಕಳು ಒಂದು ಕಡೆ ಮೆಕ್ಸಿಕನ್ನರಲ್ಲ, ಇನ್ನೊಂದು ಕಡೆ ಬಿಳಿಯರಲ್ಲ. 1946ರಲ್ಲಿ ಲೂಸ್-ಸೆಲ್ಲರ್ ಕಾಯ್ದೆ ಭಾರತೀಯರಿಗೆ ಪೌರತ್ವದ ದಾರಿ ತೆರೆಯಿತು. ಆಗ ಅಪ್ಪಂದಿರು ತಮ್ಮ ಮಕ್ಕಳು ಹುಟ್ಟಿನಿಂದಲೇ ಪಡೆದಿದ್ದನ್ನು ಅರ್ಜಿ ಹಾಕಿ ಪಡೆದರು. ಅದೇ ಕಣಿವೆಯಲ್ಲಿ ಬೇಸಾಯ ಮಾಡಿ, ಬಿಳಿ ಹೆಂಗಸನ್ನು ಮದುವೆಯಾಗಿ ಮೂವರು ಮಕ್ಕಳನ್ನು ಬೆಳೆಸಿದ ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪ್ರಜೆಯಾಗಿ, 1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿಬಂದರು.

1965ರ ನಂತರ ಪಂಜಾಬಿನಿಂದ ಇಡೀ ಕುಟುಂಬಗಳು ಬರತೊಡಗಿದವು. ಸ್ಪ್ಯಾನಿಷ್ ಹೆಸರು, ಕ್ಯಾಥೊಲಿಕ್ ಧರ್ಮ, ಪಂಜಾಬಿ ಬಾರದ ನಾಲಿಗೆ ಇದ್ದ ಸಿಂಗರನ್ನು ಹೊಸಬರು ತಮ್ಮವರೆಂದು ಸುಲಭವಾಗಿ ಒಪ್ಪಲಿಲ್ಲ. ಅವರಾದರೋ ತಮ್ಮನ್ನು 'ಹಿಂದೂ' ಎಂದೇ ಹೆಮ್ಮೆಯಿಂದ ಕರೆದುಕೊಳ್ಳುತ್ತಿದ್ದರು. ಅಪ್ಪನ ಭಾಷೆ ಬಾರದಿದ್ದರೂ ತಾವು ಅಪ್ಪನ ಕಡೆಯವರು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

ಕನ್ನಡ ಬಾರದ ನಮ್ಮ ಮೊಮ್ಮಕ್ಕಳು ನಾಳೆ ಮುಂಬೈಯಲ್ಲೋ ಹೈದರಾಬಾದಿನಲ್ಲೋ ನಿಂತು, ನಾವೂ ಕನ್ನಡದವರೇ ಎಂದರೆ, ಹೌದು ಎನ್ನುವುದೋ ಅಲ್ಲ ಎನ್ನುವುದೋ? ಆ ತೀರ್ಮಾನ ಮಾಡುವ ಸರದಿ ಮಕ್ಕಳದ್ದಲ್ಲ, ನಮ್ಮದು.